‘ಉಳಿಸಬೇಡ’ ಎಂಬ ಗುಂಡಿ

ನನಗೆ ಲ್ಯಾಪ್‌ಟಾಪ್ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ನೀವು ಓದಲಿರುವುದು ನಾನು ಮಕ್ಕಳಿಗೆ ಲ್ಯಾಪ್‌ಟಾಪ್ ಕಲಿಸಿದ ಕತೆ. ಇಪ್ಪತ್ತೈದು ವರ್ಷ ಕನ್ನಡ ಮೇಷ್ಟ್ರಾಗಿ ಸಂಧಿ, ಸಮಾಸ, ಷಟ್ಪದಿ ಅಂತ ಹೊಟ್ಟೆ ಹೊರೆದವನು ನಾನು. ತುರ್ವಿಹಾಳದ ರಸ್ತೆಯ ಮೇಲಿರುವ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಹನ್ನೆರಡು ಲ್ಯಾಪ್‌ಟಾಪ್ ಬರುತ್ತವೆ, ಅವಕ್ಕೊಬ್ಬ ಉಸ್ತುವಾರಿ ಬೇಕು ಎಂದು ಸಭೆ ಸೇರಿದ ದಿನ ನಾನು ಸಿಂಧನೂರಿನ ದವಾಖಾನೆಯೊಂದರಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದೆ. ಸಭೆಗೆ ಬಾರದವನನ್ನು ಸರ್ವಾನುಮತದಿಂದ ಆರಿಸುವುದು ನಮ್ಮ ಶಾಲೆಯ ಅತ್ಯಂತ ಗಟ್ಟಿಯಾದ ಪ್ರಜಾಪ್ರಭುತ್ವ. ಮರುದಿನ ಊದಿದ ಕೆನ್ನೆ ಹೊತ್ತು ಹೋದರೆ ಹೆಡ್‌ಮಾಸ್ತರು ಬಂದು ಕೈ ಕುಲುಕಿದರು. ಬೇಡ ಅನ್ನೋಣವೆಂದರೆ ಬಾಯಿ ತೆರೆಯಲು ಬರುತ್ತಿರಲಿಲ್ಲ.

ಲಿಂಗಸುಗೂರಿನಲ್ಲಿ ಎರಡು ದಿನ ತರಬೇತಿಯಾಯಿತು. ಕಲಿಸಿದ ಹುಡುಗ ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವನು. “ಸೇವ್ ಮಾಡ್ರಿ ಸರ, ಮೊದ್ಲ ಸೇವ್ ಮಾಡ್ರಿ” ಎಂದು ಅವನು ಹೇಳಿದ್ದನ್ನು ನಾನು ‘ಉಳಿಸುವುದು ಮುಖ್ಯ’ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ. ವಾಪಸ್ ಬರುವಾಗ ಮಸ್ಕಿಯಲ್ಲಿ ಬಸ್ಸು ನಿಂತಿತು. ಅಲ್ಲಿನ ಬಂಡೆಯ ಮೇಲಿನ ಶಾಸನ ನಿಮಗೆ ಗೊತ್ತೇ ಇದೆ. ಬೇರೆ ಬಹುಪಾಲು ಕಡೆ ಬಿರುದಷ್ಟನ್ನೇ ಕೊರೆಸಿದ ಚಕ್ರವರ್ತಿ ಇಲ್ಲಿ ತನ್ನ ಹೆಸರನ್ನೂ ಹಾಕಿಸಿದ್ದರಿಂದ ಆ ಬಿರುದು ಯಾರದೆಂದು ಲೋಕಕ್ಕೆ ತಿಳಿಯಿತು. ಹೆಸರು ಬರೆಯದೆ ಉತ್ತರಪತ್ರಿಕೆ ಕೊಡುವ ಮಕ್ಕಳಿಗೆ ನಾನು ಪ್ರತಿ ವರ್ಷ ಈ ಉದಾಹರಣೆ ಕೊಡುತ್ತೇನೆ, ಅವರು ಪ್ರತಿ ವರ್ಷ ಹೆಸರಿಲ್ಲದೆಯೇ ಕೊಡುತ್ತಾರೆ. ಅದಿರಲಿ, ಚಹಾ ಕುಡಿಯುತ್ತಾ ನನಗೆ ಹೊಳೆದದ್ದು ಇಷ್ಟೇ: ಆ ಕಲ್ಲುಕುಟಿಗನನ್ನು ಯಾರೂ ತರಬೇತಿಗೆ ಕಳಿಸಿರಲಿಲ್ಲ, ಕೊನೆಯ ಅಕ್ಷರ ಕೊರೆದ ಮೇಲೆ ಬಂಡೆಯೂ ಅವನನ್ನು ಏನೂ ಕೇಳಲಿಲ್ಲ.

ಲ್ಯಾಪ್‌ಟಾಪ್‌ಗಳು ಬಂದವು. ಹೆಡ್‌ಮಾಸ್ತರು ದೊಡ್ಡ ಶಿವಭಕ್ತರು. ಕಾಯಿ ಒಡೆದರು, ಹನ್ನೆರಡಕ್ಕೂ ತಮ್ಮ ಕೈಯಾರೆ ವಿಭೂತಿ ಧಾರಣೆ ಮಾಡಿಸಿದರು. ಹಣೆ ಯಾವುದೆಂದು ಹುಡುಕಿ, ಪರದೆಯ ಮೇಲ್ಭಾಗದ ನಟ್ಟನಡುವೆ ಮೂರು ಬೆರಳೆಳೆದರು. ಕ್ಯಾಮೆರಾ ಇರುವುದೂ ಅಲ್ಲಿಯೇ. ಮೊದಲ ವಾರ ನಾವು ತೆಗೆದ ಫೋಟೋಗಳಲ್ಲೆಲ್ಲ ಮಕ್ಕಳು ಮಂಜಿನಲ್ಲಿ ನಿಂತಂತೆ ಬಂದರು. ರಾಯಚೂರು ಜಿಲ್ಲೆಯಲ್ಲಿ ಅಂಥ ಮಂಜು ಬಿದ್ದದ್ದು ಅದೇ ಮೊದಲು.

ನನ್ನ ಸ್ವಂತ ತಪ್ಪು ಶುರುವಾದದ್ದು ಇದರ ನಂತರ. ಯಂತ್ರದ ತುಂಬ ಇಂಗ್ಲಿಷ್ ಇತ್ತು. “ಇರ್ಲಿ ಬಿಡ್ರಿ ಸರ, ಹುಡುಗ್ರು ಮೊಬೈಲ್‌ನಾಗ ನೋಡ್ಯಾರ, ಹೊಂದ್ಕೋತಾರ” ಎಂದು ಗಣಿತದ ಟೀಚರ್ ಹೇಳಿದರು. ನನಗೆ ರೋಷ ಬಂತು. ಕನ್ನಡದ ಮಕ್ಕಳ ಎದುರು ಯಂತ್ರ ಇಂಗ್ಲಿಷ್ ಮಾತಾಡುವುದೇ? ಎರಡು ದಿನ ಗುದ್ದಾಡಿ ಹನ್ನೆರಡನ್ನೂ ಕನ್ನಡಕ್ಕೆ ತಿರುಗಿಸಿದೆ. ಮರುದಿನ ಹತ್ತನೇ ತರಗತಿಯ ಹುಲಿಗೆಮ್ಮ ಕೈಯೆತ್ತಿದಳು.

“ಸರ, ಕಡತ ಅಂದ್ರ ಏನ್ರಿ? ಕಡಿತೈತೇನ್ರಿ ಅದು?”

“ಕಡತ ಅಂದ್ರ ಫೈಲ್ ಬೇ” ಎಂದೆ.

“ಹಂಗ ಕನ್ನಡದಾಗ ಹೇಳ್ರಲ್ಲ ಮತ್ತ” ಎಂದಳು. ಗಣಿತದ ಟೀಚರ್ ಕಿಟಕಿಯ ಕಡೆ ತಿರುಗಿ ನಕ್ಕರು.

ಈ ಹುಲಿಗೆಮ್ಮನ ಬಗ್ಗೆ ಸ್ವಲ್ಪ ಹೇಳಬೇಕು. ಅವಳ ತಾಯಿ ಈರಮ್ಮ ನೆಲ್ಲು ಹಚ್ಚುವ, ಅಂದರೆ ಭತ್ತದ ನಾಟಿ ಮಾಡುವ, ಹೆಂಗಸರ ಗುಂಪಿನ ಮುಂದಾಳು. ಕಾಲುವೆಗೆ ನೀರು ಬಿಟ್ಟ ವಾರದಿಂದ ಹುಲಿಗೆಮ್ಮನೂ ಗದ್ದೆಯಲ್ಲೇ ಇರುತ್ತಾಳೆ, ನಮ್ಮ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಸಸಿ ಊರಿ ಊರಿ ರೂಢಿಯಾದ ಬೆರಳು ಅವಳದು. ಮೊದಮೊದಲು ಕೀಲಿಯನ್ನೂ ಕೆಸರಿಗೆ ಒತ್ತಿದ ಹಾಗೆ ಒತ್ತಿ ಹಿಡಿಯುತ್ತಿದ್ದಳು. ಒಂದು ‘ಕ’ ಬೇಕೆಂದರೆ ಇಡೀ ಸಾಲು ‘ಕ’ ಬೆಳೆಯುತ್ತಿತ್ತು. ಆದರೆ ಹದಿನೈದು ದಿನದಲ್ಲಿ ಅವಳು ನನ್ನನ್ನು ಹಿಂದೆ ಹಾಕಿದಳು. ನಾನು ಒತ್ತಕ್ಷರ ಹುಡುಕುವಷ್ಟರಲ್ಲಿ ಅವಳು ವಾಕ್ಯ ಮುಗಿಸಿ, ನನ್ನ ಮುಖ ನೋಡಿ, ಪಾಪ ಅನ್ನಿಸಿ ಸುಮ್ಮನಿರುತ್ತಿದ್ದಳು.

ಅಷ್ಟರಲ್ಲಿ ಕಾಲುವೆಗೆ ನೀರು ಬಂತು, ಅದರ ಹಿಂದೆಯೇ ಸುತ್ತೋಲೆ ಬಂತು. ಶನಿವಾರ ಲಿಂಗಸುಗೂರಿನಲ್ಲಿ ಪರಿಶೀಲನೆ, ಮಕ್ಕಳು ತಾವೇ ಬರೆದ ಪುಟಗಳನ್ನು ತೋರಿಸಬೇಕು, ಒಬ್ಬ ವಿದ್ಯಾರ್ಥಿ ಎಲ್ಲರೆದುರು ಯಂತ್ರ ತೆರೆದು ಓದಬೇಕು. ತೋರಿಸಲು ಏನೂ ಇಲ್ಲದ ಶಾಲೆಯ ಲ್ಯಾಪ್‌ಟಾಪ್‌ಗಳನ್ನು ಬೇರೆ ಶಾಲೆಗೆ ಕೊಡಲಾಗುವುದು. ನಾನು ಹುಲಿಗೆಮ್ಮನ ಹೆಸರು ಕಳಿಸಿದೆ. ಈರಮ್ಮನನ್ನು ಕಂಡು ಬೇಡಿಕೊಂಡದ್ದಕ್ಕೆ ಬರೆಯಲು ಗುರುವಾರ, ಓದಲು ಶನಿವಾರ ಮಗಳನ್ನು ಬಿಡಲು ಒಪ್ಪಿದಳು. “ಎರಡ ದಿನ ನೋಡ್ರಿ ಸರ, ಮತ್ತ ಕೇಳಬ್ಯಾಡ್ರಿ.”

ಗುರುವಾರ ಬಿಸಿಯೂಟವಾದ ಮೇಲೆ ಹನ್ನೆರಡು ಮಂದಿ ಬರೆಯಲು ಕೂತರು. ನಾನು ಬೆನ್ನ ಹಿಂದೆ ಸುತ್ತಾಡಿದೆ. ಹೆಚ್ಚಿನವರು ‘ನಮ್ಮ ಶಾಲೆ’ ಎಂದು ಬರೆದಿದ್ದರು, ಎಲ್ಲರ ಶಾಲೆಯಲ್ಲೂ ಸುಂದರ ಕೈತೋಟವಿತ್ತು. ನಮ್ಮ ಶಾಲೆಯಲ್ಲಿರುವುದು ಒಂದೇ ಬೇವಿನ ಗಿಡ. ಹುಲಿಗೆಮ್ಮನ ಪರದೆಯ ಮೇಲೆ ಹೀಗಿತ್ತು: ‘ಎಲ್ಲರೂ ಮುಂದಕ್ಕೆ ನಡೆಯುತ್ತಾರೆ. ನಮ್ಮವ್ವ ಹಿಂದಕ್ಕೆ ನಡೆಯುತ್ತಾಳೆ. ಅವಳು ನಡೆದು ಹೋದ ಜಾಗವೆಲ್ಲ ಹಸಿರಾಗುತ್ತದೆ.’ ನಾನು ಮೊದಲು ಮಾಡಿದ್ದು ಅದರಲ್ಲೊಂದು ಕಾಗುಣಿತದ ತಪ್ಪು ತೋರಿಸಿದ್ದು. ಆಮೇಲೆ ಕಾರಿಡಾರಿಗೆ ಹೋಗಿ ಸ್ವಲ್ಪ ಹೊತ್ತು ನಿಂತೆ. ಇಪ್ಪತ್ತೈದು ವರ್ಷದಲ್ಲಿ ನಾನು ಅಂಥ ಮೂರು ವಾಕ್ಯ ಬರೆದಿಲ್ಲ.

ಅಲ್ಲಿಯವರೆಗೆ ಯಂತ್ರ ಮುಚ್ಚುವ ಕೆಲಸವನ್ನು ನಾನೋ ಗಣಿತದ ಟೀಚರೋ ಮಾಡುತ್ತಿದ್ದೆವು. ಅವತ್ತು ಟೀಚರ್ ರಜೆ. ಶಾಲೆ ಬಿಡುವ ಹೊತ್ತಿಗೆ ಅಕ್ಕಿ ಚೀಲ ಬಂದವೆಂದು ಅಡುಗೆಯವ್ವ ನನ್ನನ್ನು ಕರೆದಳು, ಏಕೆಂದರೆ ಬಿಸಿಯೂಟದ ಉಸ್ತುವಾರಿಯೂ ನಾನೇ. ಆ ಸಭೆಯ ದಿನವೂ ನಾನು ಎಲ್ಲೋ ಹೋಗಿದ್ದೆ. “ನೀವ ಮುಚ್ಚಿಡ್ರಿ, ಅದೇನು ಕೇಳ್ತೈತೋ ಓದಿ ಒತ್ರಿ, ಕನ್ನಡದಾಗ ಐತಿ” ಎಂದು ಬೀಗುತ್ತಾ ಹೋದೆ.

ಶುಕ್ರವಾರ ಬೆಳಿಗ್ಗೆ ತೆರೆದರೆ ಹನ್ನೊಂದು ಯಂತ್ರಗಳು ಬರಿದು. ಒಂದರಲ್ಲಿ ಮಾತ್ರ ನಾಗಮ್ಮನ ಪುಟ ಇತ್ತು: ‘ನಮ್ಮ ಎಮ್ಮೆ ಕಪ್ಪಗಿದೆ. ಅದರ ಹೆಸರು ಗೌರಿ.’ ಅಷ್ಟೇ.

“ಮುಚ್ಚುವಾಗ ಏನ್ ಕೇಳ್ತು?” ಅಂದೆ.

“ಬದಲಾವಣೆಗಳನ್ನು ಉಳಿಸಬೇಕೇ ಅಂತ ಕೇಳ್ತ್ರಿ ಸರ.”

“ನೀವೇನ್ ಒತ್ತಿದ್ರಿ?”

“ಉಳಿಸಬೇಡ ಅಂತ ಒತ್ತಿದ್ವಿ” ಎಂದರು ಅವತ್ತು ಶಾಲೆಗೆ ಬಾರದ ಒಬ್ಬಳನ್ನು ಬಿಟ್ಟು ಉಳಿದ ಹತ್ತೂ ಮಂದಿ, ಬಹುಮಾನಕ್ಕೆ ಕಾದವರ ಹಾಗೆ. “ದಿನಾ ನೀವ ಹೇಳ್ತೀರಲ್ರಿ ಸರ, ಉಳಿಸಬ್ಯಾಡ್ರಿ ಅಂತ. ಗ್ವಾಡಿ ಮ್ಯಾಲ ಬರಿಸೀರಲ್ರಿ!”

ಬರೆಸಿದ್ದೆ. ಊಟದ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ, ಆಳೆತ್ತರದ ಅಕ್ಷರಗಳಲ್ಲಿ: ಉಳಿಸಬೇಡ. ತಟ್ಟೆಯಲ್ಲಿ ಅನ್ನ ಬಿಟ್ಟವರನ್ನು ಆ ಗೋಡೆಯ ಕೆಳಗೇ ನಿಲ್ಲಿಸುತ್ತಿದ್ದೆ. ನಾಗಮ್ಮ ಅಲ್ಲಿ ನಿಲ್ಲದ ದಿನವಿಲ್ಲ. ಬದನೆಕಾಯಿ ಕಂಡರೆ ಆಗದ ಆ ಹುಡುಗಿ ಮಾತ್ರ ಎಂದಿನಂತೆ ನನ್ನ ಮಾತು ಮೀರಿ ‘ಉಳಿಸು’ ಒತ್ತಿದ್ದಳು. ಶಿಸ್ತಿಲ್ಲದವಳ ಎಮ್ಮೆ ಬದುಕಿತು, ಶಿಸ್ತಿನ ಮಕ್ಕಳ ಕೈತೋಟಗಳೆಲ್ಲ ಹಾಳಾದವು.

ನಾನಾರ್ಥ ಪದಗಳೆಂದು ವರ್ಷಾನುಗಟ್ಟಲೆ ಪಾಠ ಮಾಡಿದವನು ನಾನು. ಕರ ಎಂದರೆ ಕೈ, ಕರ ಎಂದರೆ ತೆರಿಗೆ. ನನ್ನ ಪಟ್ಟಿ ಅಲ್ಲಿಗೆ ಮುಗಿಯುತ್ತಿತ್ತು. ಜೀವ ಉಳಿಸಿದರೆ ಸನ್ಮಾನ, ಮಾನ ಉಳಿಸಿದರೆ ಮರ್ಯಾದೆ, ಅನ್ನ ಉಳಿಸಿದರೆ ಬೈಗುಳ. ಇಷ್ಟು ದೊಡ್ಡ ಪದ ಕಣ್ಣೆದುರು ಗೋಡೆಯ ಮೇಲಿದ್ದರೂ ನನಗೆ ಕಾಣಲಿಲ್ಲ. ಮಕ್ಕಳು ದಡ್ಡರಲ್ಲ, ಅವರು ನನ್ನ ಮಾತನ್ನು ಕೇಳಿದ್ದರು. ಯಾರೂ ಕೇಳುವುದಿಲ್ಲ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ವರ್ಷ ಮಾತಾಡಿದ್ದೆ.

ಹತ್ತು ಮಂದಿ ಮತ್ತೆ ಬರೆಯಲು ಕೂತರು. ಹನ್ನೊಂದನೆಯವಳು ಹುಲಿಗೆಮ್ಮ, ಅವಳು ವಳಕಮದಿನ್ನಿಯ ಗದ್ದೆಯಲ್ಲಿದ್ದಳು. ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಸ್ಕೂಟರಿನ ಮುಂದಿಟ್ಟುಕೊಂಡು ಹೊರಟೆ. ಕಾಲುವೆಯ ಏರಿಯ ಮೇಲೆ ಇಳಿದಾಗ ಬಗ್ಗಿದ್ದ ಹೆಂಗಸರೆಲ್ಲ ಎದ್ದು ನಿಂತರು.

“ಸರ ಹೊಲಕ್ಕ ಹಾಜರಿ ಹಾಕಾಕ ಬಂದಾರ ನೋಡ್ರವ್ವ” ಎಂದಳು ಒಬ್ಬಳು.

ನಾನು ವಿಷಯ ಹೇಳಿದೆ. ಹುಲಿಗೆಮ್ಮ ಮೊಣಕಾಲುದ್ದ ಕೆಸರಿನಲ್ಲಿ ಸಸಿಯ ಸೂಡು ಹಿಡಿದು ನಿಂತಿದ್ದಳು.

“ನಂದೂ ಹೋತೇನ್ರಿ ಸರ?”

“ಹೋತವ್ವ. ತಪ್ಪು ನಂದು.”

ಅವಳ ಕಣ್ಣು ತುಂಬಿತು. “ಉಳಿಸೋದಾದ್ರ ಸುಮ್ನ ಉಳಿಸ್ಬೇಕ್ರಿ. ಅದ್ಯಾಕ ಕೇಳ್ಬೇಕು?” ಎಂದಳು.

“ಅಂಥಾದ್ದೇನ್ ಬರ್ದಿದ್ದಿ?” ಎಂದಳು ಈರಮ್ಮ. ಮಗಳು ತಲೆ ತಗ್ಗಿಸಿದಳು. ನೆನಪಿದ್ದ ಆ ಮೂರು ವಾಕ್ಯಗಳನ್ನು ನಾನೇ ಹೇಳಿದೆ. ಈರಮ್ಮ ತಿರುಗಿ, ತಾನು ಬೆಳಗಿನಿಂದ ಹಚ್ಚಿದ ಗದ್ದೆಯನ್ನು ನೋಡಿದಳು. ಅದನ್ನು ಯಾವತ್ತೂ ನೋಡಿಲ್ಲವೇನೋ ಅನ್ನುವಷ್ಟು ಹೊತ್ತು ನೋಡಿದಳು.

“ಸೊಂಟ ನೋಯೋದು ಬರ್ದಿಯಿಲ್ಲೋ?” ಎಂದಳು ಕೊನೆಗೆ. ಗುಂಪು ಹೋ ಎಂದು ನಕ್ಕಿತು. “ಹೋಗು, ಕೈ ತೊಳ್ಕೋ. ಬದುವಿನ ಮ್ಯಾಲ ಕುಂತು ಬರಿ. ನಿನ್ನ ಸಾಲು ನಾ ಹಚ್ತೀನಿ.”

ಹುಲಿಗೆಮ್ಮ ಬರೆದಳು. ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ನಾನು ಕೊಡೆ ಹಿಡಿದು ನಿಂತೆ. ತಂತ್ರಜ್ಞಾನದಲ್ಲಿ ನನ್ನ ಯೋಗ್ಯತೆಗೆ ತಕ್ಕ ಹುದ್ದೆ ಸಿಕ್ಕಿತ್ತು. ಗದ್ದೆಯಿಂದ ತಿದ್ದುಪಡಿಗಳು ಬರುತ್ತಲೇ ಇದ್ದವು: ಸಸಿ ಎಷ್ಟು ದಿನದ್ದಿರಬೇಕು, ಯಾರು ಹಾಡು ಎತ್ತುತ್ತಾರೆ, ಯಾರು ಬರೀ ಬಾಯಿ ಆಡಿಸುತ್ತಾರೆ.

ಶನಿವಾರದ ಪರಿಶೀಲನೆ ಚೆನ್ನಾಗಿಯೇ ಆಯಿತು, ಲ್ಯಾಪ್‌ಟಾಪ್‌ಗಳು ನಮ್ಮಲ್ಲೇ ಇವೆ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಹುಲಿಗೆಮ್ಮ ಓದಿ ಕೂತ ಮೇಲೆ ಸಾಹೇಬರು ಕೇಳಿದ್ದು ಒಂದೇ, ಕೀಲಿಗಳ ಸಂದಿಯಲ್ಲಿ ಕೆಸರು ಹೇಗೆ ಬಂತು ಎಂದು. “ಪ್ರಾಯೋಗಿಕ ಕಲಿಕೆ ಸರ್” ಅಂದೆ. ಅವರು ಅದನ್ನು ಬರೆದುಕೊಂಡರು.

ಆದರೆ ನನಗೆ ನೆನಪಿರುವುದು ಶುಕ್ರವಾರದ ಗದ್ದೆಯೇ. ಬರೆದು ಮುಗಿಯಿತು. ಹುಲಿಗೆಮ್ಮ ಮುಚ್ಚಲು ಹೋದಳು, ಯಂತ್ರ ಮತ್ತೆ ಅದನ್ನೇ ಕೇಳಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಗದ್ದೆಯ ಕಡೆ ಕೂಗಿದಳು, “ಎವ್ವಾ, ಉಳಿಸಬೇಕೇನು ಅಂತ ಕೇಳಾಕತ್ತೈತಿ!”

ಈರಮ್ಮ ಬಗ್ಗಿದ ಬೆನ್ನು ಎತ್ತಲಿಲ್ಲ, ಹಿಂದಕ್ಕೊಂದು ಹೆಜ್ಜೆ ಇಟ್ಟಳು.

“ಕೇಳೋದೇನೈತಿ ಅದರಾಗ? ನಾ ಇಲ್ಲೆ ಎರಡು ಸಾಲು ಹಚ್ಚಾಕತ್ತೀನಿ. ಉಳಿಸು.”