ನಾಟಕವಿಲ್ಲದ ದೇಶ

ಸೂಜಿಯಕ್ಕ ಈಗಿಲ್ಲ. ಅವಳು ಹಾಕಿದ ಹೊಲಿಗೆಗಳು ಮಾತ್ರ ನಾಟಕ ತಂಡದ ಬಟ್ಟೆ ಪೆಟ್ಟಿಗೆಗಳಲ್ಲಿ ಇನ್ನೂ ಬಿಗಿಯಾಗಿವೆ. ರಾಜನ ನಿಲುವಂಗಿ ಕಂಕುಳಲ್ಲಿ ಎಷ್ಟು ಸಲ ಹರಿದರೂ ಅವಳು ಹೊಲಿದ ಜಾಗದಲ್ಲಿ ಹರಿಯುವುದಿಲ್ಲ, ಪಕ್ಕದಲ್ಲಿ ಹರಿಯುತ್ತದೆ. ಅವಳ ಹಟವೂ ಅದೇ ಜಾತಿಯದು. ಒಮ್ಮೆ ಗಂಟು ಹಾಕಿದಳೆಂದರೆ ಮುಗಿಯಿತು, ಬಿಚ್ಚಲು ಯಾರಿಂದಲೂ ಆಗುತ್ತಿರಲಿಲ್ಲ.

ಅವಳ ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಶಾಲೆಯ ಮುಖ ಕಂಡವರಲ್ಲ. ತಾಯಿ ಮಗಳು ಇಬ್ಬರೇ ಕೂಡಿ ಕಟ್ಟಿಕೊಂಡ ಕೈಮಾತು ಅವರದು. ಕಿವಿಯನ್ನು ಹೊರಕ್ಕೆ ಎಳೆದರೆ ತೀರಿಹೋದ ಅಪ್ಪ, ಏಕೆಂದರೆ ಅವರದು ಮೊರದಂಥ ಕಿವಿ. ಗಾಳಿಯಲ್ಲಿ ದಾರ ಎಳೆದರೆ ಮಗಳು. ಅಣ್ಣ ಸೋದರಮಾವನ ಮನೆಯಲ್ಲಿ ಬೆಳೆದವನಾದ್ದರಿಂದ ಅವನಿಗೆ ಊಟ, ನಿದ್ದೆ, ಬೇಡ ಎಂಬಷ್ಟೇ ಬರುತ್ತಿತ್ತು. ಅತ್ತಿಗೆ ಮನೆಗೆ ಬಂದು ವರ್ಷಗಳಾಗಿದ್ದರೂ ಅಮ್ಮ ಅವಳಿಗೊಂದು ಗುರುತು ಕೊಟ್ಟಿರಲಿಲ್ಲ. ಗದ್ದ ಎತ್ತಿ ಅವಳ ಕಡೆ ತೋರಿಸುವರು, ಅದೇ ಹೆಸರು. ಅತ್ತಿಗೆಯೂ ಸೋತು ಸುಮ್ಮನಾಗಿದ್ದಳು.

ತಂಡ ಐದು ದೇಶಗಳಲ್ಲಿ ನಾಟಕ ಆಡಲು ಹೊರಟಾಗ ಸೂಜಿಯಕ್ಕ ಒಂದೇ ವಿಷಯ ವಿಚಾರಿಸಿದಳು: ಅಲ್ಲಿ ವಿಡಿಯೊ ಕಾಲ್ ಸಿಗುತ್ತದೆಯೇ? ಸಿಮ್ ಅಂಗಡಿಯವನು ಉಚಿತ ಕರೆಗಳ ಆಸೆ ತೋರಿಸಿದ. ಕಿವಿ ಕೇಳಿಸದವರಿಗೆ ಕರೆ ಕಟ್ಟಿಕೊಂಡು ಏನು ಮಾಡಲಿ, ಡೇಟಾ ಕೊಡಿ ಎಂದಳು. ಐದು ದೇಶಗಳಿಗೂ ನಡೆಯುವ ಒಂದೇ ಸಿಮ್ ಕೊಂಡು, ಅದು ನಡೆಯುವ ದೇಶಗಳ ಪಟ್ಟಿಯನ್ನು ತಂಡದ ಮ್ಯಾನೇಜರ ಪಟ್ಟಿಯೊಂದಿಗೆ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ.

ದಿನವೂ ಸಂಜೆ ಬಣ್ಣದ ಕೋಣೆಯಲ್ಲಿ ಇಸ್ತ್ರಿ ಪೆಟ್ಟಿಗೆಗೆ ಫೋನ್ ಆನಿಸಿಟ್ಟು ಅಮ್ಮನ ಜೊತೆ ಮಾತಾಡುವಳು. ಬಾಯಿಮಾತಿನವರ ಚಿತ್ರ ಅಲ್ಲಲ್ಲಿ ನಿಂತರೂ ದನಿ ನಡೆಯುತ್ತದೆ. ಕೈಮಾತಿನವರ ಚಿತ್ರ ನಿಂತರೆ ಮಾತೇ ನಿಂತಂತೆ. ಒಮ್ಮೆ ವಸತಿಗೃಹದ ವೈಫೈನಲ್ಲಿ ಅಮ್ಮನ ಕೈ ಅರ್ಧದಲ್ಲೇ ಹೆಪ್ಪುಗಟ್ಟಿತು. ಸೂಜಿಯಕ್ಕ ಬಾಗಿಲು ಬಾಗಿಲಿಗೆ ಹೋಗಿ, ಎಲ್ಲರೂ ಫೋನ್ ಆರಿಸುವವರೆಗೆ ನಾಳೆ ಯಾರ ಗುಂಡಿಯನ್ನೂ ಹೊಲಿಯುವುದಿಲ್ಲ ಎಂದು ಹೇಳಿ ಬಂದಳು. ಅಂದಿನಿಂದ ಸಂಜೆ ಹೊತ್ತು ವಸತಿಗೃಹ ತಣ್ಣಗಿರುತ್ತಿತ್ತು.

ಅಮ್ಮನಿಗೆ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಇನ್ನೊಂದರಲ್ಲಿ ಪೊರೆ ಬೆಳೆಯುತ್ತಿತ್ತು. ಸೂಜಿಯಕ್ಕ ಊರಿಗೆ ಮರಳಿದ ಮೇಲೆ ಆಪರೇಷನ್ ಎಂದು ನಿಶ್ಚಯವಾಗಿತ್ತು. ಆದರೆ ಎರಡನೇ ದೇಶದಲ್ಲಿರುವಾಗ ಅಣ್ಣನ ಫೋನ್ ಬಂತು: ಪೊರೆ ಬಲಿತು ಕಣ್ಣೊಳಗೆ ಒತ್ತಡ ಏರುತ್ತಿದೆ, ಇನ್ನು ಕಾಯುವ ಹಾಗಿಲ್ಲ, ಗುರುವಾರವೇ ಮಾಡಬೇಕು. ಅಮ್ಮ ಮಾತ್ರ ಒಲ್ಲೆನೆಂದು ಮಂಚದ ಸರಳು ಹಿಡಿದು ಕೂತಿದ್ದಾರೆ.

ಅಂದು ಸಂಜೆ ಅಮ್ಮ ಒಂದು ಕೈಯಿಂದ ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ತನ್ನ ಎದೆ ತಟ್ಟಿ, ಬರಿದಾದ ಅಂಗೈ ತೆರೆದು ತೋರಿಸಿದರು. ಕಣ್ಣು ಕಟ್ಟಿದ ಮೇಲೆ ನಾನೆಲ್ಲಿರುತ್ತೇನೆ?

ಗುರುವಾರ ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ಹೇಳುತ್ತೇನೆ, ಕಾದಿರು ಎಂದಳು ಸೂಜಿಯಕ್ಕ. ಕೊಟ್ಟ ಮಾತು ಅದು.

ಗುರುವಾರ ಬಸ್ಸು ಎರಡನೇ ದೇಶದಿಂದ ಮೂರನೆಯದಕ್ಕೆ ಹೊರಟಿತ್ತು. ಇರುಳೆಲ್ಲ ಯೋಚಿಸಿ ಅವಳು ಉತ್ತರ ಹೊಂದಿಸಿಕೊಂಡಿದ್ದಳು. ಕೈಯಲ್ಲಿ ಫೋನ್ ಹಿಡಿದೇ ಕೂತಿದ್ದಾಗ ಅದರಲ್ಲೊಂದು ಸಂದೇಶ ಬಂತು: ಈ ದೇಶದಲ್ಲಿ ನಿಮ್ಮ ಪ್ಯಾಕ್ ನಡೆಯುವುದಿಲ್ಲ.

ಮೂರನೆಯ ದೇಶ ಇನ್ನೂ ಬಂದಿರಲಿಲ್ಲ. ನಡುವೆ ಸಣ್ಣದೊಂದು ದೇಶವಿತ್ತು. ತಂಡ ಅಲ್ಲಿ ಇಳಿಯುವುದೂ ಇಲ್ಲ, ಆಡುವುದೂ ಇಲ್ಲ, ಬರಿಯ ರಸ್ತೆ. ಹಾಗಾಗಿ ಮ್ಯಾನೇಜರ ಪಟ್ಟಿಯಲ್ಲಿ ಅದು ಹುಟ್ಟಿಯೇ ಇರಲಿಲ್ಲ. ಅವಳೂ ಆ ಪಟ್ಟಿಯನ್ನೇ ನಂಬಿದ್ದಳು.

"ಅಲ್ಲಿ ನಮ್ಮ ಆಟಾನೇ ಇಲ್ವಲ್ಲಮ್ಮ. ಅದನ್ಯಾಕೆ ಲೆಕ್ಕಕ್ಕೆ ಹಿಡೀಲಿ?" ಎಂದರು ಮ್ಯಾನೇಜರು.

"ಆಟ ಇಲ್ದಿದ್ರೆ ದೇಶ ಇರಲ್ವಾ ಸಾರ್? ಬಸ್ಸು ಗಾಳೀಲಿ ಹೋಗ್ತಾ ಇದ್ಯಾ?"

ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಅಲ್ಲಿ ಸಿಮ್ ಮಾರುತ್ತಿರಲಿಲ್ಲ. ವೈಫೈ ಕೇಳೋಣವೆಂದರೆ ಪಕ್ಕದ ಹೋಟೆಲಿನ ಬಾಗಿಲು ಇನ್ನೂ ತೆರೆದಿರಲಿಲ್ಲ. ಮುಂದಿನ ಗಡಿ ದಾಟಿದರೆ ನೆಟ್‌ವರ್ಕ್ ಬರುತ್ತದೆ, ಹತ್ತಿರವೇ ಎಂದ ಡ್ರೈವರ್. ಹತ್ತಿರವೇನೋ ಹೌದು, ಆದರೆ ಗಡಿಯ ಮುಂದೆ ಲಾರಿಗಳು ಬಾಲಕ್ಕೆ ಮೂಗು ಹಚ್ಚಿ ನಿಂತಿದ್ದವು. ಬಸ್ಸು ಅವುಗಳ ಬೆನ್ನಿಗೆ ನಿಂತು ಎಂಜಿನ್ ಆರಿಸಿತು.

ಸೂಜಿಯಕ್ಕ ಎದ್ದು ಚೀಲ ಹೆಗಲಿಗೆ ಹಾಕಿದಳು.

"ಎಲ್ಲಿಗೆ?" ಎಂದ ರಾಜ. ಸದಾ ರಾಜನ ವೇಷ ಹಾಕುವ ನಟ ಅವನು, ಅವಳ ಬಾಯಿಗೆ ಹೆದರುವವರಲ್ಲಿ ಮೊದಲಿಗ.

"ನೆಟ್‌ವರ್ಕ್ ಇರೋ ಕಡೆಗೆ. ನೀವೂ ಏಳಿ ಮಹಾರಾಜರೇ. ನನಗೆ ಎರಡೂ ಕೈ ಬೇಕು, ಫೋನ್ ಹಿಡಿಯೋಕೆ ಒಬ್ಬರು ಬೇಕು."

ಇಬ್ಬರೂ ಲಾರಿಗಳ ಪಕ್ಕದಲ್ಲಿ ನಡೆದರು. ಗಡಿಯೆಂದರೆ ಒಂದು ಹೊಳೆ, ಮೇಲೊಂದು ಸೇತುವೆ. ಆಚೆ ದಡದ ಗುಡ್ಡದ ಮೇಲೆ ಟವರ್ ಕಾಣುತ್ತಿತ್ತು. ಟವರಿಗೆ ಗಡಿಯ ಕಾನೂನು ಗೊತ್ತಿರುವುದಿಲ್ಲ ಎಂದು ಅವಳಿಗೆ ಹೊಳೆಯಿತು. ಫೋನ್ ತಾನಾಗಿ ನೆಟ್‌ವರ್ಕ್ ಆರಿಸಿಕೊಳ್ಳುವುದನ್ನು ನಿಲ್ಲಿಸಿ ತಾನೇ ಹುಡುಕತೊಡಗಿದಳು. ಸೇತುವೆಯ ಬಾಯಲ್ಲಿ ಏನೂ ಇಲ್ಲ. ಕಾಲುದಾರಿಯಲ್ಲಿ ಇನ್ನಷ್ಟು ಮುಂದೆ ಹೋದಾಗ ಫೋನಿನ ಪಟ್ಟಿಯಲ್ಲಿ ಆಚೆ ದೇಶದ ನೆಟ್‌ವರ್ಕಿನ ಹೆಸರೊಂದು ಮೂಡಿತು. ಒತ್ತಿದಳು. ಹಿಡಿಯಿತು.

ಅಲ್ಲಿ ಅಣ್ಣ ಫೋನ್ ಹಿಡಿದಿದ್ದ. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದರು. ಪಕ್ಕದಲ್ಲಿ ಅತ್ತಿಗೆ.

"ನನ್ನ ಮುಖಾನೇ ನೋಡ್ತಿಲ್ಲ ಕಣೆ," ಎಂದಳು ಅತ್ತಿಗೆ. "ಒಳಗೊಬ್ಬರಿಗೆ ನಡೀತಾ ಇದೆ, ಆಮೇಲೆ ನಮ್ಮದೇ. ಇವತ್ತೂ ಒಪ್ಪದಿದ್ರೆ ಕಣ್ಣು ಉಳಿಯಲ್ಲ ಅಂದ್ರು."

"ಅತ್ತಿಗೆ, ಅವರ ಕೈ ತಗೊಳ್ಳಿ."

"ಕಿತ್ಕೋತಾರೆ."

"ಕಿತ್ಕೊಳ್ಳಲಿ. ಮತ್ತೆ ತಗೊಳ್ಳಿ."

ಅಮ್ಮ ತಿರುಗಿ ಪರದೆಯಲ್ಲಿ ಮಗಳನ್ನು ಕಂಡರು. ಸೂಜಿಯಕ್ಕ ತನ್ನ ಎಡ ಅಂಗೈಯ ಮೇಲೆ ಬಲ ಹೆಬ್ಬೆರಳಿಟ್ಟು ಎತ್ತದೆ ಒತ್ತಿ ಹಿಡಿದಳು: ನಾನಿಲ್ಲಿದ್ದೇನೆ. ವೃತ್ತ ಎಳೆದಳು: ನೋವೇ? ಎರಡು ಸಲ ತಟ್ಟಿದಳು: ಮುಗಿಯಿತು. ಕೊನೆಗೆ ದಾರ ಎಳೆದಂತೆ ಅಂಗೈ ತುಂಬ ಗೆರೆ ಎಳೆದಳು: ಮಗಳು. ಕತ್ತಲಲ್ಲೂ ನಡೆಯುವ ಮಾತು ಇದು, ಈಗಲೇ ಕಲಿಯೋಣ ಎಂದು ಅಮ್ಮನಿಗೆ ಕೈಯಿಂದಲೂ ಅತ್ತಿಗೆಗೆ ಬಾಯಿಂದಲೂ ಹೇಳಿದಳು.

ಅತ್ತಿಗೆ ಹೆದರಿ ಹೆದರಿ ಒತ್ತಿದಳು. ಅಮ್ಮ ಕೈ ಹಿಂದೆಗೆದರು.

"ಗಟ್ಟಿಯಾಗಿ ಒತ್ತಿ. ಅವರು ಗಾಜಲ್ಲ, ನಿಮ್ಮತ್ತೆ."

ಅಮ್ಮ ಕಣ್ಣು ಮುಚ್ಚಿ ಅಂಗೈ ಚಾಚುತ್ತಿದ್ದರು, ಅಷ್ಟರಲ್ಲಿ ಚಿತ್ರ ನಿಂತಿತು. ಆ ಕೈ ಅರ್ಧದಲ್ಲೇ ಉಳಿಯಿತು. ಸೂಜಿಯಕ್ಕ ರಾಜನಿಗೆ, ಮೇಲೆ ಹತ್ತಿ ಎಂದಳು. ರಾಜ ಸೇತುವೆಯ ಕಂಬಿಯ ಬುಡದ ಕಟ್ಟೆ ಹತ್ತಿ, ಒಂದು ಕೈಯಿಂದ ದೀಪದ ಕಂಬ ತಬ್ಬಿ, ಇನ್ನೊಂದರಲ್ಲಿ ಫೋನ್ ಎತ್ತಿ ಹಿಡಿದ. ಅದೇ ಹೊತ್ತಿಗೆ ಗಡಿಯ ಕಾವಲಿನವನು ಬಂದು ಕಾಗದಪತ್ರ ಕೇಳಿದ. ಕೈ ಇಳಿಸಿದರೆ ಒಬ್ಬ ತಾಯಿಯ ಕಣ್ಣು ಹೋಗುತ್ತದೆ, ಪಾಸ್‌ಪೋರ್ಟ್ ಹಿಂದಿನ ಜೇಬಿನಲ್ಲಿದೆ, ನೀವೇ ತೆಗೆದುಕೊಳ್ಳಿ ಎಂದ ರಾಜ, ತನಗೆ ಬರುವ ಅರೆಬರೆ ಭಾಷೆಯಲ್ಲಿ. ಕಾವಲಿನವನು ಗಾಳಿಯಲ್ಲಿ ಕೈ ಆಡಿಸುತ್ತಿದ್ದ ಹೆಂಗಸನ್ನು ನೋಡಿದ, ಜೇಬಿನಿಂದ ಪಾಸ್‌ಪೋರ್ಟ್ ಎಳೆದುಕೊಂಡು ಅಲ್ಲೇ ನಿಂತು ಪುಟ ತಿರುವತೊಡಗಿದ.

ಚಿತ್ರ ಮರಳಿ ನಡೆಯಿತು. ಅಮ್ಮನ ಕಣ್ಣು ಮುಚ್ಚಿತ್ತು. ಅತ್ತಿಗೆ ಒತ್ತಿದಳು, ಅಮ್ಮ ಗೊತ್ತಾಯಿತೆಂದು ತಲೆಯಾಡಿಸಿದರು. ವೃತ್ತ ಎಳೆದಳು, ಅಮ್ಮ ನೋವಿಲ್ಲವೆಂದು ಕೈ ಆಡಿಸಿದರು. ಅತ್ತಿಗೆ ಉದ್ದಕ್ಕೆ ದಾರದ ಗೆರೆ ಎಳೆದಾಗ ಅಮ್ಮ ಕಣ್ಣು ತೆರೆಯದೆಯೇ ಫೋನಿನ ಕಡೆ ಬೆರಳು ಮಾಡಿದರು.

ನರ್ಸ್ ಬಂದು ಕರೆದಳು. ಅಮ್ಮ ಎದ್ದರು. ಬಾಗಿಲ ಬಳಿ ತಿರುಗಿ ಮಗಳಿಗೆ ಏನೋ ಹೇಳಹೊರಟವರು, ಗದ್ದ ಎತ್ತಿ ಅತ್ತಿಗೆಯನ್ನು ತೋರಿಸುವ ಬದಲು ತಮ್ಮ ಅಂಗೈಯನ್ನು ತಾವೇ ಹೆಬ್ಬೆರಳಿನಿಂದ ಒತ್ತಿಕೊಂಡರು. ಇವಳೂ ಒಳಗೆ ಬರಲಿ. ಅತ್ತಿಗೆಗೆ ಹೆಸರು ಸಿಕ್ಕಿತ್ತು.

ಬಸ್ಸು ಸೇತುವೆಗೆ ಬರುವ ಹೊತ್ತಿಗೆ ರಾಜನ ತೋಳು ಮರಗಟ್ಟಿತ್ತು. ಸಿಂಹಾಸನದ ಮುಂದೆ ನೀವು ಒಂದು ದಿನವೂ ಇಷ್ಟು ನೆಟ್ಟಗೆ ನಿಂತವರಲ್ಲ ಎಂದು ಅವಳು ಛೇಡಿಸಿದಳು. ಸಂಜೆ ಅವನ ನಿಲುವಂಗಿಯ ಕಂಕುಳಿಗೆ ಇನ್ನೊಂದು ಪದರ ಹೊಲಿದಳು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಪರದೆಯಲ್ಲಿ ಮಗಳನ್ನು ದಿಟ್ಟಿಸಿ ಮೊದಲು ಹೇಳಿದ ಮಾತು, ತಲೆ ಬಾಚಿಕೊಂಡಿಲ್ಲ ಎಂದು.

ಮೊನ್ನೆಯ ಚಳಿಗಾಲದಲ್ಲಿ ಸೂಜಿಯಕ್ಕ ಪರಸ್ಥಳದಲ್ಲೇ, ತಂಡದ ನಡುವೆಯೇ, ಎದೆನೋವೆಂದು ಮಲಗಿದವಳು ಏಳಲಿಲ್ಲ. ಸುದ್ದಿ ಮನೆಗೆ ಮುಟ್ಟಿತು. ಅಮ್ಮನಿಗೆ ಹೇಳುವವರು ಯಾರು? ಅಣ್ಣನಿಗೆ ಬರುವ ಮೂರು ಪದಗಳಲ್ಲಿ ಅದಿರಲಿಲ್ಲ.

ಅತ್ತಿಗೆ ಹೋಗಿ ಪಕ್ಕದಲ್ಲಿ ಕೂತಳು. ಅಮ್ಮನಿಗೆ ಈಗ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ಅವಳು ಹಿಡಿದದ್ದು ಅಂಗೈಯನ್ನೇ. ದಾರದ ಗೆರೆ ಎಳೆದಳು. ಎರಡು ಸಲ ತಟ್ಟಿದಳು.

ಅಮ್ಮ ಫೋನಿನತ್ತ ಬೆರಳು ತೋರಿಸಿದರು, ಕರೆ ಮಾಡು ಎಂದು. ಅತ್ತಿಗೆ ಇಲ್ಲವೆಂದು ತಲೆಯಾಡಿಸಿ, ಮತ್ತೆ ಗೆರೆ ಎಳೆದು ಮತ್ತೆ ತಟ್ಟಿದಳು. ಅಮ್ಮ ಮುಷ್ಟಿ ಬಿಗಿದುಕೊಂಡರು, ಇನ್ನೇನೂ ಬರೆಯಗೊಡುವುದಿಲ್ಲ ಎಂಬಂತೆ. ಅತ್ತಿಗೆ ಬಿಡಲಿಲ್ಲ. ಮುಚ್ಚಿದ ಮುಷ್ಟಿಯ ಮೇಲೆಯೇ ಹೆಬ್ಬೆರಳಿಟ್ಟು, ಗಟ್ಟಿಯಾಗಿ, ಎತ್ತದೆ ಒತ್ತಿದಳು. ಅಮ್ಮನ ಬೆರಳುಗಳು ಸಡಿಲವಾಗುವವರೆಗೂ ಒತ್ತಿಕೊಂಡೇ ಕೂತಿದ್ದಳು.