ಗೋಡೆಯ ಮೇಲಿನ ಟಿಕಳಿ

ಧಾರವಾಡದಲ್ಲಿ ಮನೆಯ ಮುಂದಿನ ಕೋಣೆಯನ್ನೇ ಗ್ಯಾಲರಿ ಮಾಡಿಕೊಂಡಿದ್ದ ಅಕ್ಕಾರ ಮೆಲುದನಿಗೆ ನಾವು ಕಲಾವಿದರೆಲ್ಲ ಹೆದರುತ್ತಿದ್ದೆವು. ಚಿತ್ರ ಮಾರಾಟವಾದರೆ ಅದರ ಕೆಳಗೆ ಹಣೆಗೆ ಹಚ್ಚುವ ಕೆಂಪು ಟಿಕಳಿಯೊಂದನ್ನು ಅಂಟಿಸುತ್ತಿದ್ದರು. ಆಮೇಲೆ ಎಂಥ ಗಿರಾಕಿ ಬಂದರೂ ಅದನ್ನು ಕೀಳುತ್ತಿರಲಿಲ್ಲ. "ಗ್ವಾಡಿ ಸುಳ್ಳ ಹೇಳಬಾರದ್ರಿ" ಎನ್ನುತ್ತ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ನನ್ನ ಮೊದಲ ಪ್ರದರ್ಶನದ ಕೊನೆಯ ದಿನದವರೆಗೂ ಒಂದು ಚಿತ್ರವೂ ಹೋಗಿರಲಿಲ್ಲ. ಗೆಳೆಯರು ಬರುವವರಿದ್ದರು. ಮರ್ಯಾದೆ ಹೋಗುವ ಹೆದರಿಕೆಗೆ, ಅಕ್ಕಾರು ಚಹಾಕ್ಕೆಂದು ಒಳಗೆ ಹೋದಾಗ, ಅವರ ಮೇಜಿನಿಂದ ಒಂದು ಟಿಕಳಿ ತೆಗೆದು ನನ್ನ ಚಿತ್ರದ ಕೆಳಗೆ ಅಂಟಿಸಿಬಿಟ್ಟೆ.

ಗೆಳೆಯರಿಗಿಂತ ಮೊದಲು ಹುಬ್ಬಳ್ಳಿಯ ಡಾಕ್ಟರೊಬ್ಬರು ಬಂದು ನೇರ ಅದೇ ಚಿತ್ರದ ಮುಂದೆ ನಿಂತರು.

"ಅಯ್ಯ, ಇದು ಹೋತೇನ್ರಿ? ನನಗ ಇದಽ ಬೇಕಾಗಿತ್ತು."

ಅಕ್ಕಾರು ಟಿಕಳಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ಹೌದ್ರಿ, ಹೋಗೇತಿ."

ಡಾಕ್ಟರು ಹೊರಟುಹೋದರು. ಈಗ ಬೈಯುತ್ತಾರೆ, ಇನ್ನೇನು ಬೈಯುತ್ತಾರೆ ಎಂದು ಸಂಜೆಯವರೆಗೂ ಕಾಯುತ್ತ ಕೂತೆ. ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ಆ ಚಿತ್ರವನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಕೈಗಿಟ್ಟರು.

"ಕೊಂಡವರು ನೀವಽ ಅಲ್ಲೇನ್ರಿ? ಒಯ್ರಿ."