ಡಾಕ್ಟರ ಬಾಗಿಲು ದಾಟಿದ ಲಾರಿ

ಸಿದ್ದಣ್ಣ, ನಿಮ್ಮ ತಮ್ಮ ಕರಿಬಸಪ್ಪನ ಸಾವಿನ ಬಗ್ಗೆ ನಾನು ಪತ್ರಿಕೆಗೆ ಬರೆದ ಸುದ್ದಿಯ ಕೊನೆಯ ಸಾಲು ಸುಳ್ಳು. ‘ಆಸ್ಪತ್ರೆಗೆ ಸಾಗಿಸುವಾಗ ದಾರಿಯಲ್ಲಿ ಅಸುನೀಗಿದರು’ ಎಂದು ಬರೆದೆ. ನೀವು ಅವನನ್ನು ಆಸ್ಪತ್ರೆಗೆ ಒಯ್ದಿರಲಿಲ್ಲ — ಪೊಲೀಸ್ ಠಾಣೆಗೆ ಒಯ್ದಿದ್ದಿರಿ. ಯಾಕೆ ಎಂಬುದು ನನಗೆ ಗೊತ್ತಿತ್ತು. ಹಾಗೆ ಮಾಡಬೇಕೆಂದು ನಿಮಗೆ ಹೇಳಿದವನು ನಾನೇ.

ಎಪ್ಪತ್ತರ ದಶಕದ ಕೊನೆ. ನಾನು ಜಗಳೂರಿಗೆ ಹೊಸ ವರದಿಗಾರ. ಬದುವಿನ ಜಗಳದಲ್ಲಿ ಕುಡುಗೋಲಿನ ಏಟು ತಿಂದವನೊಬ್ಬನಿಗೆ ಪೇಟೆಯ ಖಾಸಗಿ ಡಾಕ್ಟರು ಪೊಲೀಸರಿಗೆ ಕಾಯದೆ ಹೊಲಿಗೆ ಹಾಕಿದರು. ಕುಡುಗೋಲು, ಕೊಡಲಿಗಳ ಗಾಯವನ್ನು ಪೊಲೀಸರು ಬರುವ ಮುನ್ನ ಮುಟ್ಟಿದರೆ ಡಾಕ್ಟರಿಗೇ ಜೈಲು ಎಂದು ಊರೆಲ್ಲ ನಂಬಿತ್ತು, ನಾನೂ ನಂಬಿದ್ದೆ. ಯಾರನ್ನೂ ಕೇಳದೆ, ಡಾಕ್ಟರು ಕಾನೂನು ಮೀರಿದರು ಎಂದು ಬರೆದು ಕಳಿಸಿದೆ.

ಸುದ್ದಿ ಅಚ್ಚಾದ ಮೇಲೆ ಡಾಕ್ಟರು ನನ್ನನ್ನು ಕರೆಸಿದರು. ದನಿ ಏರಿಸಲಿಲ್ಲ.

“ಎಲ್ಲೈತ್ರೀ ಆ ಕಾನೂನು? ನನಗೂ ಒಂದ್ಸಾರಿ ತೋರಿಸ್ರಿ. ರಕ್ತ ನಿಲ್ಸೋದು ಮೊದ್ಲು. ಗಾಯ ಹೆಂಗಿತ್ತು ಅಂತ ಬರ್ದಿಟ್ಟು ಪೊಲೀಸ್ರಿಗೆ ತಿಳಿಸ್ಬೇಕು, ಅಷ್ಟೇ. ನಾನು ತಿಳಿಸಿದ್ದೆ. ನೀವು ಕೇಳಾಕೆ ಬರ್ಲಿಲ್ಲ.”

ದಾವಣಗೆರೆಯ ವಕೀಲರೊಬ್ಬರನ್ನು ವಿಚಾರಿಸಿದೆ. ಅವರೂ ಅದನ್ನೇ ಹೇಳಿದರು. ಒಂದು ತಿದ್ದುಪಡಿ ಸಾಕಿತ್ತು. ಕಳಿಸಲಿಲ್ಲ. ಬಂದ ಹೊಸದರಲ್ಲೇ ಹೆಸರು ಕೆಡುತ್ತದೆ ಎಂದು — ಇರಲಿ, ಕಾರಣ ಕೊಡಲು ಇದನ್ನು ಬರೆಯುತ್ತಿಲ್ಲ.

ಆ ಸುದ್ದಿಯನ್ನು ನಿಮ್ಮೂರು ಬಿಳಿಚೋಡಿನ ಹೋಟೆಲಿನಲ್ಲಿ ಯಾರೋ ಗಟ್ಟಿಯಾಗಿ ಓದಿದ್ದರು, ನೀವು ಕೇಳಿಸಿಕೊಂಡಿದ್ದಿರಿ. ಕೆಲವು ತಿಂಗಳ ನಂತರ, ಆಡಿಗೆ ಸೊಪ್ಪು ಕಡಿಯಲು ಜಾಲಿಮರ ಹತ್ತಿದ ಕರಿಬಸಪ್ಪನ ಕೊಡಲಿ ಜಾರಿ ಅವನ ತೊಡೆಗೇ ಬಿತ್ತು. ನಿಮ್ಮ ರುಮಾಲನ್ನು ಬಿಗಿದು ಕಟ್ಟಿ ಲಾರಿಯಲ್ಲಿ ಜಗಳೂರಿಗೆ ತಂದಿರಿ. ಲಾರಿ ಅದೇ ಡಾಕ್ಟರ ಬಾಗಿಲ ಮುಂದೆ ಹಾದುಹೋಯಿತು. ಡಾಕ್ಟರು ಒಳಗೇ ಇದ್ದರು.

ನಾನು ಠಾಣೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀವು ಕಟ್ಟೆಯ ಮೇಲೆ ಕೂತಿದ್ದಿರಿ.

“ಪೊಲೀಸಪ್ಪ ಹೇಳಿದ್ರು ಸಾರ್, ಮೊದ್ಲು ಡಾಕ್ಟ್ರ ಹತ್ರ ಒಯ್ಯೋ ಮಾರಾಯ ಅಂತ. ನಾನೇ ಒಪ್ಲಿಲ್ಲ. ನೀವು ಬರ್ಕೊಳ್ದೆ ಡಾಕ್ಟ್ರು ಮುಟ್ಟಂಗಿಲ್ಲ, ಪೇಪರ್‌ನಾಗೇ ಬಂದೈತೆ ಅಂದೆ. ಹಿಂಗೆ ಮಾತಾಡೋದ್ರಾಗೆ...” ಆಮೇಲೆ ಅಂದಿರಿ, “ನಿಮ್ಮ ಪೇಪರ್ ಇಲ್ದಿದ್ರೆ ನಮ್ಮಂಥೋರಿಗೆ ಕಾನೂನು ಹೆಂಗೆ ತಿಳೀಬೇಕು ಸಾರ್.”

ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಠಾಣೆ ಎಂದು ಬರೆದರೆ, ಅಲ್ಲಿಗೇಕೆ ಒಯ್ದರು ಎಂದು ಯಾರಾದರೂ ಕೇಳುತ್ತಿದ್ದರು. ದಾರಿಯಲ್ಲಿ ಎಂದು ಬರೆದೆ.

ಇಷ್ಟು ವರ್ಷಗಳ ಮೇಲೆ, ಮೊನ್ನೆ ಬಿಳಿಚೋಡಿನ ಹೋಟೆಲಿಗೆ ಬಂದಿದ್ದೆ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ನಿಮ್ಮನ್ನು ತೋರಿಸಿ ಒಬ್ಬ ನಕ್ಕ: “ನಮ್ಮೂರ ಲಾಯರ್ ಸಿದ್ದಣ್ಣ ಸಾರ್. ತಮ್ಮನ್ನ ಲಾರ್ಯಾಗೆ ಮಲಗ್ಸಿ ಪೊಲೀಸ್ರ ಕೂಡ ವಾದಕ್ಕೆ ನಿಂತೋನು.” ನಿಮಗೆ ಕೇಳಿಸಿತು. ತಲೆ ಎತ್ತಲಿಲ್ಲ. ನಾನೂ ಸುಮ್ಮನೆ ಎದ್ದು ಬಂದೆ.

ಆ ವಾದ ನಿಮ್ಮದಲ್ಲ, ಸಿದ್ದಣ್ಣ. ಅದು ನನ್ನದು, ಸುಳ್ಳೆಂದು ಗೊತ್ತಾದ ಮೇಲೂ ನಾನು ಹಿಂತೆಗೆದುಕೊಳ್ಳದ ವಾದ.

ಇದು ಪತ್ರಿಕೆಯಲ್ಲಿ ಅಚ್ಚಾದ ದಿನ ಅದೇ ಹೋಟೆಲಿಗೆ ಬರುತ್ತೇನೆ. ಅಂದು ಯಾರೋ ಓದಿದಂತೆಯೇ ಇದನ್ನೂ ಗಟ್ಟಿಯಾಗಿ ಓದುತ್ತೇನೆ. ನೀವು ಕೂತು ಕೇಳಿದರೂ, ಎದ್ದು ಹೋದರೂ, ಕೊನೆಯ ಸಾಲಿನವರೆಗೆ.